ಧಾರವಾಡ ಹತ್ತತೈತೇನ್ರಿ?

ಸಣ್ಣ ಶಾರ್ಟ್‌ವೇವ್ ರೇಡಿಯೋದ ಡಬ್ಬಿಯ ಮೇಲೆ ಭೂಗೋಳದ ಚಿತ್ರ ಇದ್ದೇ ಇರುತ್ತದೆ. ಸುತ್ತ ಅಲೆಯ ಗೆರೆಗಳು, ಕೆಳಗೆ ‘ವರ್ಲ್ಡ್ ರಿಸೀವರ್’ ಎಂಬ ಬಿರುದು. ಗಡಹಿಂಗ್ಲಜದ ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಳ್ಳುವ ಹಿರಿಯರಿಗೆ ಲಂಡನ್ನಿನ ಗೊಡವೆ ಇರುವುದಿಲ್ಲ, ಬೀಜಿಂಗಿನದೂ ಇಲ್ಲ. ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕ ಧಾರವಾಡ ಹತ್ತತೈತೇನ್ರಿ?” ಎಂದು ಕೇಳುತ್ತಾರೆ. ಕೊಲ್ಹಾಪುರ ಜಿಲ್ಲೆಯಲ್ಲಿ ಈ ಯಂತ್ರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಗಜಕಡ್ಡಿ ನನಗಂತೂ ಕಂಡಿಲ್ಲ. ತಯಾರಕರು ಹೊಗಳುವ ಗುಣಗಳಲ್ಲಿ ಅರ್ಧದಷ್ಟು ಈ ಒಂದು ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಅವರು ಡಬ್ಬಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸುವ ಮೀಡಿಯಂ ವೇವ್ ಪಟ್ಟಿಯೇ ಇಲ್ಲಿ ಕಾಸಿಗೆ ಬರುವುದು.

ಮೊದಲು ಭೂಗೋಳದ ಮಾತು ಮುಗಿಸಿಬಿಡೋಣ. ಶಾರ್ಟ್‌ವೇವ್‌ಗೆ ಈ ಭಾಗದಲ್ಲಿ ಒಂದು ಕಾಲಕ್ಕೆ ಇದ್ದ ಮಾನ ಸುಳ್ಳಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದು ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದ ಮೇಲೆ ಜನ ರೇಡಿಯೋ ಸಿಲೋನಿನ ಕಡೆ ಹೊರಳಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾದದ್ದೂ ಅದೇ ವರ್ಷ. ವಿವಿಧ ಭಾರತಿ ಹುಟ್ಟಿದ್ದು 1957ರಲ್ಲಿ. ನಡುವಿನ ಐದು ವರ್ಷ ಹಾಡು ಬೇಕೆಂದವರಿಗೆಲ್ಲ ಶಾರ್ಟ್‌ವೇವ್ ಬೇಕಾಯಿತು. ಆಮೇಲೆ ಸುದ್ದಿಯ ಸರದಿ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಸರ್ಕಾರಿ ಬಾನುಲಿ ಸಂಜೆಯವರೆಗೆ ತಡೆಹಿಡಿದಾಗ ಬಿಬಿಸಿ ಅದನ್ನು ಎಷ್ಟೋ ಮೊದಲೇ ಹೇಳಿಯಾಗಿತ್ತು. ಅಂದಿನಿಂದ ‘ಬಿಬಿಸಿ ಏನಂದ್ರು?’ ಎಂಬುದು ಕಟ್ಟೆಯ ಮೇಲಿನ ಕೊನೆಯ ಮಾತಾಯಿತು.

ಈಗ ಶಾರ್ಟ್‌ವೇವ್ ಪಟ್ಟಿ ಬರಿದಾಗಿದೆ. ವಾಯ್ಸ್ ಆಫ್ ಅಮೆರಿಕಾದ ಹಿಂದಿ ರೇಡಿಯೋ 2008ರಲ್ಲಿ ನಿಂತಿತು, ಜರ್ಮನಿಯ ಡಾಯ್ಚೆ ವೆಲೆಯ ಹಿಂದಿ ಪ್ರಸಾರ 2011ರಲ್ಲಿ. ಬಿಬಿಸಿ ಹಿಂದಿಯನ್ನೂ 2011ರಲ್ಲೇ ಮುಚ್ಚಲು ಹೊರಟಿದ್ದರು. ಕೇಳುಗರು ಗಲಾಟೆ ಮಾಡಿದ್ದರಿಂದ ಕುಂಟುತ್ತ ಉಳಿದು, 2020ರ ಜನವರಿ 31ಕ್ಕೆ ಶಾರ್ಟ್‌ವೇವ್‌ನಿಂದ ಶಾಶ್ವತವಾಗಿ ಇಳಿಯಿತು. ಇಂದು ರಾತ್ರಿ 41 ಮೀಟರ್, 31 ಮೀಟರ್ ಬ್ಯಾಂಡುಗಳಲ್ಲಿ ಮುಳ್ಳು ಆಡಿಸಿದರೆ ಚೀನಾದ ನಿಲಯಗಳು ಗಟ್ಟಿಯಾಗಿ ಸಿಗುತ್ತವೆ. ಒಂದಿಷ್ಟು ಕುರಾನ್ ಪಠಣ, ಒಂದಿಷ್ಟು ಕ್ರೈಸ್ತ ಪ್ರವಚನ. ಕನ್ನಡದ ದನಿ ಎಂದಾದರೂ ಕಿವಿಗೆ ಬಿದ್ದರೆ ಅದು ಧರ್ಮಪ್ರಚಾರ ಸಂಸ್ಥೆಯೊಂದರ ಅರ್ಧ ಗಂಟೆಯ ಕಾರ್ಯಕ್ರಮವಾಗಿರುತ್ತದೆ. ಜಗತ್ತಿನ ಕಿಟಕಿ ಎಂಬ ಹೆಸರಿನಲ್ಲಿ ಈ ಸೆಟ್ಟು ಕೊಳ್ಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಕೇಳುವ ಚಟವೇ ಬೇರೆ, ಅದಕ್ಕೆ ವಾದ ಬೇಕಾಗಿಲ್ಲ. ಫೇಡಿಂಗಿನ ಮಧ್ಯೆ ಒಂದು ನಿಲಯದ ಹೆಸರು ಹಿಡಿದು, ಸಮಯ, ಕಂಪನಾಂಕ ಬರೆದಿಟ್ಟು, ದೂರದ ದೇಶಕ್ಕೆ ವರದಿ ಕಳಿಸಿ, ಪ್ರತಿಯಾಗಿ ಬರುವ ಬಣ್ಣದ ಕ್ಯೂಎಸ್‌ಎಲ್ ಕಾರ್ಡಿಗಾಗಿ ಅಂಚೆಯಣ್ಣನ ದಾರಿ ನೋಡುವ ಸುಖ ಗೊತ್ತಿದ್ದವರಿಗೇ ಗೊತ್ತು. ಆ ಸುಖಕ್ಕೂ ಸುದ್ದಿಗೂ ಸಂಬಂಧವಿಲ್ಲ.

ನಿಲಯಗಳು ಹೋದದ್ದು ಅರ್ಧ ಕತೆ. ಇದ್ದವೂ ಊರೊಳಗೆ ಕೇಳುವುದಿಲ್ಲ, ಇದು ಉಳಿದರ್ಧ. ಇಚಲಕರಂಜಿಯಲ್ಲಿ ಇದರ ಪರೀಕ್ಷೆ ಮಾಡಿ ನೋಡಿದರೆ ತಿಳಿಯುತ್ತದೆ. 1904ರಲ್ಲಿ ಮೊದಲ ಪವರ್‌ಲೂಮ್ ಬಂದ ಊರು ಅದು, ಗಲ್ಲಿಗಲ್ಲಿಯಲ್ಲಿ ಮಗ್ಗ. ಹೊರಗಿನವರು ಖಟಖಟ ಸದ್ದು ಕೇಳಿ, ರೇಡಿಯೋ ಕೆಡಿಸುವುದು ಮಗ್ಗವೇ ಎಂದುಕೊಳ್ಳುತ್ತಾರೆ. ಹಳೆಯ ಸಾದಾ ಮಗ್ಗ ಈ ವಿಷಯದಲ್ಲಿ ಬಹುಮಟ್ಟಿಗೆ ನಿರಪರಾಧಿ. ಅದರ ಇಂಡಕ್ಷನ್ ಮೋಟರಿನಲ್ಲಿ ಕಿಡಿ ಹಾರಿಸುವ ಬ್ರಶ್‌ಗಳಿಲ್ಲ. ಅದರ ಗದ್ದಲ ಕಿವಿಗೆ, ಏರಿಯಲ್ಲಿಗಲ್ಲ. ಏರಿಯಲ್ಲಿಗೆ ವಿಷ ಹಾಕುವುದು ಹೊಸ ಶಟಲ್‌ರಹಿತ ಮಗ್ಗಗಳ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡ್ರೈವ್‌ಗಳು, ಮಾಳಿಗೆಯುದ್ದಕ್ಕೂ ಉರಿಯುವ ಅಗ್ಗದ ಎಲ್‌ಇಡಿ ಟ್ಯೂಬುಗಳು, ಮನೆಮನೆಯ ಮೊಬೈಲ್ ಚಾರ್ಜರುಗಳು. ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ ಬಳಸುತ್ತವೆ. ಪ್ರತಿ ತುಂಡರಿಕೆಯ ಹೊಲಸು ತಂತಿಗಳಗುಂಟ ಹರಿದು ಶಾರ್ಟ್‌ವೇವ್‌ವರೆಗೂ ಹಬ್ಬುತ್ತದೆ. ರಾತ್ರಿ ಒಂಬತ್ತಕ್ಕೆ ಅಲ್ಲಿ ಸೆಟ್ಟು ಹಚ್ಚಿದರೆ ಒಂದೇ ಸಮನೆ ಗೊರಗೊರ. ಅದರ ಮೇಲೊಂದು ಸಣ್ಣ ಸಿಳ್ಳೆ ಏರುತ್ತದೆ, ಇಳಿಯುತ್ತದೆ. ಪಕ್ಕದ ಮನೆಯವರು ಚಾರ್ಜರ್ ಕಿತ್ತರೆ ಸಿಳ್ಳೆ ನಿಲ್ಲುತ್ತದೆ, ಗೊರಗೊರ ಉಳಿಯುತ್ತದೆ. ಮಹಾರಾಷ್ಟ್ರವನ್ನು ಲೋಡ್‌ಶೆಡ್ಡಿಂಗ್ ಕಾಡಿದ ವರ್ಷಗಳಲ್ಲಿ ಊರೆಲ್ಲ ಕರೆಂಟಿಗೆ ಬೈಯುತ್ತಿದ್ದರೆ, ರೇಡಿಯೋದವರು ಅದೇ ಹೊತ್ತಿಗೆ ಕಾದು ಸೆಲ್ಲು ಹಾಕಿ ಕೂರುತ್ತಿದ್ದರು. ಕತ್ತಲಾದೊಡನೆ ಬ್ಯಾಂಡು ತೊಳೆದಿಟ್ಟ ಹಾಗೆ.

ಈ ಗೊರಗೊರದಿಂದ ಪಾರಾಗಲು ಕೊಲ್ಹಾಪುರದವರಿಗೆ ಪನ್ಹಾಳಗಡವಿದೆ. ರೇಡಿಯೋ ಹಿಡಿದು ಅಲ್ಲಿಗೆ ಹೋಗಿ ಬಂದವರು “ಎತ್ತರ ನೋಡ್ರಿ, ಅದಕ್ಕ ಹಂಗ ಸ್ವಚ್ಛ” ಅನ್ನುತ್ತಾರೆ. ಆಕಾಶದ ಅಯಾನುಗೋಳಕ್ಕೆ ತಾಗಿ ಮರಳಿ ಇಳಿಯುವ ಅಲೆಗೆ ನಮ್ಮ ಗುಡ್ಡದ ಎತ್ತರ ದೊಡ್ಡ ಲೆಕ್ಕವೇನಲ್ಲ. ಅಲ್ಲಿ ಸಿಗುವುದು ತಂತಿಗಳಿಂದ ದೂರ. ಗಡಹಿಂಗ್ಲಜದಾಚೆ ಹಿರಣ್ಯಕೇಶಿಯ ದಂಡೆಯ ಕಬ್ಬಿನ ಗದ್ದೆಯಲ್ಲಿ, ಪಂಪ್‌ಸೆಟ್ಟಿನ ಗೋಜಿಲ್ಲದ ಮೂಲೆಯಲ್ಲಿ ಕೂತರೂ ಅದೇ ಫಲ, ಗಾಡಿ ಏರುವ ಖರ್ಚಿಲ್ಲ.

ಇನ್ನು ಧಾರವಾಡ. 1950ರ ಜನವರಿಯಲ್ಲಿ ಆರಂಭವಾದ ಆ ಕೇಂದ್ರ 392.2 ಮೀಟರ್, ಅಂದರೆ 765 ಕಿಲೋಹರ್ಟ್ಜ್‌ನಲ್ಲಿ, 200 ಕಿಲೋವ್ಯಾಟ್ ಬಲದ ಪ್ರೇಷಕದಿಂದ ಮಾತಾಡುತ್ತದೆ. ಗಡಹಿಂಗ್ಲಜಕ್ಕೆ ನೇರ ಗೆರೆ ಎಳೆದರೆ ಸುಮಾರು 110 ಕಿಲೋಮೀಟರ್, ಇಚಲಕರಂಜಿಗೆ 150, ಕೊಲ್ಹಾಪುರಕ್ಕೆ 160. ಹಗಲು ನೆಲವನ್ನೇ ಹಿಡಿದು ಬರುವ ಅಲೆ ಮೂರೂ ಊರಿಗೆ ಮುಟ್ಟುತ್ತದೆ. ಗಡಹಿಂಗ್ಲಜದಲ್ಲಿ ಸ್ಥಳೀಯ ನಿಲಯದಷ್ಟು ಗಟ್ಟಿ, ಕೊಲ್ಹಾಪುರದಲ್ಲಿ ಕೊಂಚ ತೆಳು. ರಾತ್ರಿಯಾದರೆ ಹೆಚ್ಚು ದೂರ ಕೇಳುತ್ತದೆಂಬ ನಂಬಿಕೆ ಇಲ್ಲಿ ತಲೆಕೆಳಗು. ಕತ್ತಲಾದ ಮೇಲೆ ಆಕಾಶದಿಂದ ಇಳಿಯುವ ಅಲೆಯೂ ನೆಲದ ಅಲೆಯೂ ಒಂದನ್ನೊಂದು ತುಳಿಯತೊಡಗುತ್ತವೆ. ನೂರೈವತ್ತು ಕಿಲೋಮೀಟರಿನ ಆಸುಪಾಸು ಅವೆರಡೂ ಸಮಬಲ. ವಾರ್ತೆ ಓದುವವರ ದನಿ ಉಬ್ಬಿ, ಮುದುಡಿ, ನೀರಡಿಯಿಂದ ಬಂದಂತಾಗಿ ಮತ್ತೆ ನೆಟ್ಟಗಾಗುತ್ತದೆ. ಇಚಲಕರಂಜಿಯಲ್ಲಿ ಧಾರವಾಡವನ್ನು ನೆಮ್ಮದಿಯಾಗಿ ಕೇಳಬೇಕೆಂದರೆ ಮಧ್ಯಾಹ್ನವೇ ಲೇಸು.

ಈ ಅಲೆಗೆ ಕೊಲ್ಹಾಪುರದ ಮೇಲೆ ಒಂದು ಹಕ್ಕೂ ಇದೆ. ಶಾಹು ಮಹಾರಾಜರ ಆಸ್ಥಾನದಲ್ಲಿದ್ದ ಅಲ್ಲಾದಿಯಾ ಖಾನರ ಜೈಪುರ-ಅತ್ರೌಲಿ ಗಾಯಕಿಯನ್ನು ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಕಲಿತವರು ಮಲ್ಲಿಕಾರ್ಜುನ ಮನ್ಸೂರರು. ಮುಂದೆ ಅವರು ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾದರು. ಕೊಲ್ಹಾಪುರದಿಂದ ಹೋದ ಗಾಯನ 765ರ ಮೇಲೆ ಕೂತು ಮರಳಿ ಕೊಲ್ಹಾಪುರದ ಮನೆಗಳಿಗೆ ಬಂತು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಹೇಳಿ, ಮರಾಠಿಯಲ್ಲೂ ಬರೆದ ಬೇಂದ್ರೆಯವರು 1956ರಲ್ಲಿ ನಿವೃತ್ತರಾಗಿ ಸಲಹೆಗಾರರಾದದ್ದೂ ಇದೇ ಕೇಂದ್ರಕ್ಕೆ. ಅದೇ ವರ್ಷ ರಾಜ್ಯಗಳ ಗೆರೆ ಎಳೆದಾಗ ಬೆಳಗಾವಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂದು ಚಂದಗಡ ತಾಲ್ಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಕೊಲ್ಹಾಪುರ ಸಂಸ್ಥಾನದ್ದೇ ಆಗಿದ್ದ ಗಡಹಿಂಗ್ಲಜ 1949ರಲ್ಲೇ ಮುಂಬಯಿ ಪ್ರಾಂತ ಸೇರಿಯಾಗಿತ್ತು. ಹೆಬ್ಬಾಳ, ನೂಲ, ಹಲಕರ್ಣಿಯ ಕಡೆಯ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಕನ್ನಡ, ಶಾಲೆ ಮರಾಠಿ, ಹೊಲದ ದಾಖಲೆಯಾದ ಸಾತಬಾರಾ ಉತಾರವೂ ಮರಾಠಿ. ಆ ಮನೆಗೆ ದಿನವೂ ಬರುವ ಶಿಷ್ಟ ಕನ್ನಡ ಎಂದರೆ ಬಹುಕಾಲ ಧಾರವಾಡದ್ದೇ.

ನನ್ನ ಮುಖ್ಯ ತಕರಾರು ಇರುವುದು ಇಲ್ಲೇ, ಹೊಸ ಡಿಜಿಟಲ್ ಸೆಟ್ಟುಗಳ ಮೇಲೆ. ಪುಣೆ ಆಕಾಶವಾಣಿ 792ರಲ್ಲಿದೆ, ಧಾರವಾಡ 765ರಲ್ಲಿ. ನಡುವೆ ಬರೀ 27 ಕಿಲೋಹರ್ಟ್ಜ್. ಹಳೆಯ ಮುಳ್ಳಿನ ರೇಡಿಯೋದ ಗಾಜಿನ ಮೇಲೆ ಅದು ಕೂದಲೆಳೆಯ ಅಂತರ. ಪುಣೆಗೆ ಹೊರಟ ಬೆರಳು ಧಾರವಾಡವನ್ನು ತುಳಿಯದೆ ಹೋಗಲು ಸಾಧ್ಯವಿರಲಿಲ್ಲ. ಮರಾಠಿ ಭಾವಗೀತೆ ಹುಡುಕುವ ಮೊಮ್ಮಗನ ಕಿವಿಗೆ ಗೀಗೀ ಪದವೋ ಕೃಷಿ ಸಲಹೆಯೋ ತಾನಾಗಿ ಬೀಳುತ್ತಿತ್ತು. ಕನ್ನಡ ಹುಡುಕಿಕೊಂಡು ಬಂದವನಲ್ಲ ಅವನು. ದಾರಿಯಲ್ಲಿ ಸಿಕ್ಕಿದ್ದಕ್ಕೆ ನಿಂತವನು. ಡಿಜಿಟಲ್ ಸೆಟ್ಟು ಈ ದಾರಿಯನ್ನೇ ಅಳಿಸಿದೆ. ಗುಂಡಿ ಒತ್ತಿದರೆ ಬಲವಾದ ನಿಲಯದಿಂದ ಬಲವಾದ ನಿಲಯಕ್ಕೆ ಹಾರುತ್ತದೆ. ಕೈಯಾರೆ ತಿರುವಿದರೂ ಹೆಜ್ಜೆಹೆಜ್ಜೆಗೆ ದನಿ ಕತ್ತರಿಸುವ ಮಾದರಿಗಳು ಬೇಕಾದಷ್ಟಿವೆ. ನೂರಾರು ನಿಲಯಗಳನ್ನು ನೆನಪಿಡುತ್ತದೆ ಎಂದು ಅದನ್ನು ಹೊಗಳುತ್ತಾರೆ. ನೆನಪಿಟ್ಟದ್ದನ್ನೇ ಮತ್ತೆ ಮತ್ತೆ ಕೇಳಿಸುತ್ತದೆ ಎಂಬುದೂ ಅದರರ್ಥವೇ ತಾನೆ.

ಮೊಬೈಲಿನ ಆ್ಯಪ್ ಬಗ್ಗೆಯೂ ಇದೇ ಮಾತು. ಆಕಾಶವಾಣಿಯ ಆ್ಯಪಿನಲ್ಲಿ ಧಾರವಾಡ ಗೊರಗೊರವಿಲ್ಲದೆ, ಫೇಡಿಂಗಿಲ್ಲದೆ ಕೇಳುತ್ತದೆ. ದನಿಯ ಮಟ್ಟಿಗೆ ರೇಡಿಯೋ ಸೋತಿತು, ಇದನ್ನು ಒಪ್ಪದವರದ್ದು ಹಟ. ಆದರೆ ಅಲ್ಲಿ ಪಟ್ಟಿ ರಾಜ್ಯವಾರು. ಕರ್ನಾಟಕ ಎಂಬ ಹೆಸರನ್ನು ಒತ್ತಿದವರಿಗಷ್ಟೇ ಧಾರವಾಡ ಸಿಗುತ್ತದೆ. ಗಡಿಯ ಈಚೆ ಹುಟ್ಟಿದ ಹುಡುಗ ಅದನ್ನು ಯಾಕೆ ಒತ್ತಬೇಕು?

ಪ್ರಳಯಕಾಲದಲ್ಲಿ ಶಾರ್ಟ್‌ವೇವ್ ಜೀವ ಉಳಿಸುತ್ತದೆ ಎಂಬ ಇನ್ನೊಂದು ಹೊಗಳಿಕೆ ಇದೆ. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಪುಣೆ-ಬೆಂಗಳೂರು ಹೆದ್ದಾರಿಯೇ ಮುಳುಗಿದಾಗ ಕೊಲ್ಹಾಪುರದವರಿಗೆ ಬೇಕಿದ್ದದ್ದು ರಾಜಾರಾಮ ಬಂಧಾರೆಯ ಬಳಿ ನೀರು ಎಷ್ಟು ಅಡಿ ಎಂಬ ಒಂದು ಅಂಕಿ. ಅಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಪಾಯದ್ದು. ಆ ಅಂಕಿಯನ್ನು ಯಾವ ವಿದೇಶಿ ನಿಲಯವೂ ಹೇಳುವುದಿಲ್ಲ. ಅದಕ್ಕೆ 102.7ರ ಕೊಲ್ಹಾಪುರ ಆಕಾಶವಾಣಿಯಂಥ ಊರಿನ ಎಫ್‌ಎಂ ಬೇಕು. ದೀಪದ ಬುಡದ ಕತ್ತಲೆಯಂತೆ ಹತ್ತಿರದ ಊರುಗಳನ್ನು ಹಾರಿ ದೂರಕ್ಕೆ ಹೋಗಿ ಬೀಳುವುದೇ ಶಾರ್ಟ್‌ವೇವ್‌ನ ಸ್ವಭಾವ. ಸೆಲ್ಲಿನ ಮೇಲೆ ದಿನಗಟ್ಟಲೆ ನಡೆಯುವ ಸಣ್ಣ ರೇಡಿಯೋ ಮನೆಯಲ್ಲಿರಲಿ ಎಂಬ ಮಾತು ನಿಜ. ಅದರ ಪುಣ್ಯ ಎಫ್‌ಎಂ ಪಟ್ಟಿಗೆ ಸಲ್ಲಬೇಕು.

ಇಷ್ಟಾಗಿಯೂ ಕೊಳ್ಳುವವರಿಗೆ ಒಂದೆರಡು ಮಾತು. ಹವ್ಯಾಸಿ ರೇಡಿಯೋದ ಹ್ಯಾಮ್‌ಗಳ ಸಂಭಾಷಣೆಗೆ ಕಿವಿ ಕೊಡುವ ಆಸೆಯಿಲ್ಲದಿದ್ದರೆ ಸೈಡ್‌ಬ್ಯಾಂಡ್ ಸೌಲಭ್ಯಕ್ಕೆ ದುಡ್ಡು ಸುರಿಯಬೇಡಿ. ಟೆಕ್‌ಸನ್ ಪಿಎಲ್-330ಯಂಥ ಸೆಟ್ಟು ಆ ಆಸೆಯಿದ್ದವರಿಗೆ ಸರಿ. ಹಳೆಯ ನೋಕಿಯಾದ ಬಿಎಲ್-5ಸಿ ಬ್ಯಾಟರಿಯೇ ಅದಕ್ಕೂ ಆಗುತ್ತದೆ, ಮೊಬೈಲ್ ರಿಪೇರಿಯವರ ಡ್ರಾಯರಿನಲ್ಲಿ ಸಿಕ್ಕೀತು. ಮನೆಯ ಹಿರಿಯರಿಗಾದರೆ ಉದ್ದ ಗಾಜು, ದಪ್ಪ ತಿರುಗಣೆ ಇರುವ ಮುಳ್ಳಿನ ರೇಡಿಯೋವನ್ನೇ ತನ್ನಿ. ಹೊರದೇಶದ ಡಿಜಿಟಲ್ ಸೆಟ್ಟು ತಂದರೆ ಮೊದಲು ಮೀಡಿಯಂ ವೇವ್‌ನ ಹೆಜ್ಜೆ ನೋಡಿ. ಅಮೆರಿಕದ ಲೆಕ್ಕದಲ್ಲಿ ಅದು ಹತ್ತು ಹತ್ತಾಗಿ ಹೋಗುತ್ತದೆ, 760 ಆದ ಮೇಲೆ 770. ನಡುವಿನ ಧಾರವಾಡ ನೇರವಾಗಿ ಸಿಗದೆ, ಸೆಟ್ಟೇ ದಂಡ ಎಂದು ಮೂಲೆಗೆಸೆದವರಿದ್ದಾರೆ. ನಮ್ಮ ದೇಶದ ಹೆಜ್ಜೆ ಒಂಬತ್ತು, ಅದಕ್ಕೆ ಬದಲಾಯಿಸಿಕೊಂಡರೆ 765 ತಾನಾಗಿ ಬರುತ್ತದೆ. ಅಂಗಡಿಯೊಳಗಿನ ಎಲ್‌ಇಡಿ ಬೆಳಕಿನಡಿ ಯಾವ ರೇಡಿಯೋವೂ ಒಳ್ಳೆಯದೆನಿಸುವುದಿಲ್ಲ, ಅಂಗಡಿಕಾರನ ಮೇಲೆ ಸಿಟ್ಟಾಗಬೇಡಿ. ಸೆಟ್ಟನ್ನು ರಸ್ತೆಗೆ ತನ್ನಿ. ಮಧ್ಯಾಹ್ನದ ಪ್ರಸಾರದ ಹೊತ್ತು 765ಕ್ಕಿಟ್ಟು ಅಂಗೈ ಮೇಲೆ ನಿಧಾನಕ್ಕೆ ಸುತ್ತಿಸಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಧಾರವಾಡದತ್ತ ತಿರುಗಿದಾಗ ದನಿ ಸಣ್ಣಗಾಗಬೇಕು, ಮಗ್ಗುಲು ತಿರುಗಿದಾಗ ಏರಬೇಕು. ಆ ವ್ಯತ್ಯಾಸ ಕಿವಿಗೆ ಗೊತ್ತಾಗದಿದ್ದರೆ ಇನ್ನೊಂದು ಮಾದರಿ ತೆಗೆಸಿ ನೋಡಿ.