ಆನ್ ಬಿಟ್ಟುಕೊಟ್ಟದ್ದು

ಬೇಸಿಗೆ ರಜೆಯಲ್ಲಿ ಶಾಲೆಯ ಗ್ರಂಥಾಲಯದ ಬೀರುವನ್ನು ಒಪ್ಪ ಮಾಡುತ್ತಿದ್ದಾಗ ‘ಆನ್ ಆಫ್ ಗ್ರೀನ್ ಗೇಬಲ್ಸ್’ ಮತ್ತೆ ಕೈಗೆ ಸಿಕ್ಕಿತು. ಬಿ.ಎ. ಓದುವಾಗ ಅದರ ಕೊನೆಗೆ ಬರುವ ಹೊತ್ತಿಗೆ ನನ್ನ ಸೆರಗು ಒದ್ದೆಯಾಗಿತ್ತು. ಈ ಸಲವೂ ಕಣ್ಣು ತುಂಬಿತು. ಕಾರಣ ಮಾತ್ರ ಬೇರೆ.

ಎಲ್. ಎಂ. ಮಾಂಟ್‌ಗೊಮರಿ ಬರೆದ ಈ ಕಾದಂಬರಿ 1908ರಲ್ಲಿ ಪ್ರಕಟವಾಯಿತು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕತೆ. ಹೊಲದ ಕೆಲಸಕ್ಕೆ ಅನಾಥ ಹುಡುಗನೊಬ್ಬ ಬೇಕೆಂದಿದ್ದ ಮ್ಯಾಥ್ಯೂ, ಮರಿಲ್ಲಾ ಎಂಬ ಅಣ್ಣ-ತಂಗಿಯ ಮನೆಗೆ ತಪ್ಪಿ ಬಂದವಳು ಹನ್ನೊಂದು ವರ್ಷದ ಕೆಂಪುಗೂದಲಿನ ಆನ್. ಮಾತಿನ ಮಲ್ಲಿ. ಕೂದಲಿಗೆ ಬಣ್ಣ ಹಚ್ಚಲು ಹೋಗಿ ಹಸಿರು ಮಾಡಿಕೊಳ್ಳುತ್ತಾಳೆ. ಶರಬತ್ತೆಂದು ಗೆಳತಿಗೆ ಹಣ್ಣಿನ ವೈನ್ ಕುಡಿಸಿಬಿಡುತ್ತಾಳೆ. ನಗುನಗುತ್ತಲೇ ಓದುತ್ತಿರುವಾಗ ಒಂದು ದಿನ ಮರಿಲ್ಲಾ ಗಮನಿಸುತ್ತಾಳೆ: ಹುಡುಗಿ ತನಗಿಂತ ಎತ್ತರವಾಗಿದ್ದಾಳೆ, ಮಾತು ಕಡಿಮೆಯಾಗಿದೆ. ಇದು ಎಷ್ಟು ನಿಜ! ಏಳನೆಯ ತರಗತಿಯಲ್ಲಿ ಬಾಯಿ ಮುಚ್ಚದ ಹುಡುಗಿಯರು ಹತ್ತಕ್ಕೆ ಬರುವಾಗ ಮೌನವಾಗುವುದನ್ನು ನಾನೂ ಕಂಡಿದ್ದೇನೆ.

ಹದಿನಾರರಲ್ಲಿ ಆನ್‌ಗೆ ಬಿ.ಎ. ಓದಲು ವಿದ್ಯಾರ್ಥಿವೇತನ ಸಿಗುತ್ತದೆ. ಅಷ್ಟರಲ್ಲಿ ಹಣವಿಟ್ಟಿದ್ದ ಬ್ಯಾಂಕು ಮುಳುಗಿ, ಆ ಸುದ್ದಿಗೆ ಮ್ಯಾಥ್ಯೂ ಎದೆಯೊಡೆದು ಸಾಯುತ್ತಾನೆ. ಮರಿಲ್ಲಾಳ ಕಣ್ಣು ಮಂದವಾಗುತ್ತಿದೆ, ಮನೆ ಮಾರಬೇಕಾದೀತು. ಆನ್ ಕಾಲೇಜನ್ನು ಬಿಟ್ಟು ಉಪಾಧ್ಯಾಯಿನಿಯಾಗಿ ಊರಲ್ಲೇ ಉಳಿಯುತ್ತಾಳೆ.

ಅಂದು ನಾನು ಅತ್ತದ್ದು ಈ ತ್ಯಾಗಕ್ಕೆ. ಆಮೇಲೆ ಉಪಾಧ್ಯಾಯಿನಿಯಾದೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದ ಹುಡುಗಿಯೊಬ್ಬಳು, ತಾಯಿ ಹಾಸಿಗೆ ಹಿಡಿದಳೆಂದು, ತಮ್ಮಂದಿರಿಗಾಗಿ ಓದು ನಿಲ್ಲಿಸಿದಳು. ಬೀಳ್ಕೊಡುಗೆ ಸಭೆಯಲ್ಲಿ ಅವಳನ್ನು ತ್ಯಾಗಮಯಿ ಎಂದು ಬಾಯ್ತುಂಬ ಹೊಗಳಿದವಳು ನಾನೇ. ಎಷ್ಟೋ ವರ್ಷಗಳ ನಂತರ ಮಗಳನ್ನು ಶಾಲೆಗೆ ಸೇರಿಸಲು ಬಂದಾಗ ಅವಳು ನಗುತ್ತಲೇ ಅಂದಳು: “ಅವತ್ತು ಎಲ್ಲರೂ ಹೊಗಳಿದಿರಿ ಟೀಚರ್. ಬೇಡ ಕಣೇ ಅಂತ ಒಬ್ಬರೂ ಹೇಳಲಿಲ್ಲ.”

ಈಗ ಓದಿದರೆ, ಕಾದಂಬರಿಯಲ್ಲಿ ಹಾಗೆ ಹೇಳುವವಳಿದ್ದಾಳೆ. ನನಗಾಗಿ ಬಿಡಬೇಡ ಎಂದು ಮರಿಲ್ಲಾ ತಡೆಯುತ್ತಾಳೆ. ಗಿಲ್ಬರ್ಟ್ ತನಗೆ ಸಿಕ್ಕಿದ್ದ ಊರಿನ ಶಾಲೆಯನ್ನು ಆನ್‌ಗೆ ಬಿಟ್ಟುಕೊಡುತ್ತಾನೆ. ಆನ್ ಕೂಡ ಮನೆಯಲ್ಲೇ ಕಾಲೇಜಿನ ಪಾಠ ಓದುವೆನೆಂದು ಹಟ ಹಿಡಿಯುತ್ತಾಳೆ. ಹೆಣ್ಣಿಗೆ ಇಷ್ಟು ಓದು ಸಾಕೆಂದು ಸಂತೋಷಪಡುವವಳು ನೆರೆಮನೆಯ ರೇಚಲ್ ಒಬ್ಬಳೇ. ಆ ಸಭೆಯಲ್ಲಿ ನಾನು ಮರಿಲ್ಲಾ ಆಗಬೇಕಿತ್ತು, ರೇಚಲ್ ಆಗಿದ್ದೆ.

ಕಾದಂಬರಿಯಲ್ಲಿ ಕೊರತೆಯೂ ಇದೆ. ಕಿಟಕಿಯ ಬಳಿ ಕೂತ ಒಂದೇ ರಾತ್ರಿಯಲ್ಲಿ ಆನ್‌ಳ ಮನಸ್ಸು ತಿಳಿಯಾಗಿಬಿಡುತ್ತದೆ. ಬದುಕಿನಲ್ಲಿ ಅಷ್ಟು ಬೇಗ ಆಗುವುದಿಲ್ಲ. ಲೇಖಕಿಗೆ ಇದು ತಿಳಿಯದ್ದೇನಲ್ಲ. 1898ರಲ್ಲಿ ತಾತ ತೀರಿಕೊಂಡಾಗ ಉಪಾಧ್ಯಾಯಿನಿ ಕೆಲಸ ಬಿಟ್ಟು ಅಜ್ಜಿಯ ಜೊತೆಗಿರಲು ಬಂದವಳು ಆಕೆ. ಈ ಪುಸ್ತಕ ಬರೆದದ್ದೂ ಅಜ್ಜಿಯ ಮನೆಯಲ್ಲೇ. ಅದಕ್ಕೇ ಇರಬೇಕು, 1915ರ ‘ಆನ್ ಆಫ್ ದಿ ಐಲೆಂಡ್’ನಲ್ಲಿ ಆನ್‌ಳನ್ನು ಕಾಲೇಜಿಗೆ ಕಳಿಸಿ ಬಿ.ಎ. ಮಾಡಿಸಿದ್ದಾಳೆ.

ಬೆಳೆಯುವುದೆಂದರೆ ಬಿಟ್ಟುಕೊಡುವುದು ಎಂದು ನಮ್ಮ ಹುಡುಗಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ಅವರಿಗೆ ತಾನಾಗಿ ಬರುತ್ತದೆ. ಬೇಡ ಎಂದು ತಡೆಯುವುದನ್ನು ದೊಡ್ಡವರಾದ ನಾವು ಕಲಿಯಬೇಕು. ಪುಸ್ತಕವನ್ನು ಮಗಳಿಗೆ ಕೊಡುವ ಮೊದಲು ತಾಯಂದಿರು ಒಮ್ಮೆ ಓದಿಕೊಳ್ಳಿ.