“ಪುಟ ನಂಬರ್ ಐತಲ್ಲಕ್ಕ”: ಆದವಾನಿ ಸೀಮೆಯ ಶಾಲೆ, ಗ್ರಂಥಾಲಯ ಮತ್ತು ಮಾಹಿತಿ ಸಾಕ್ಷರತೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹ ರೂಪ)

ಧ್ವನಿ ಕೇಳಿಸ್ತಾ ಇದೆ ಅಂದುಕೊಂಡಿದ್ದೇನೆ. ನಾನೀಗ ಊರಲ್ಲಿದ್ದೇನೆ, ನೆಟ್‌ವರ್ಕ್ ನಡುವೆ ಕೈಕೊಟ್ಟರೆ ಚಾಟ್‌ನಲ್ಲಿ ತಿಳಿಸಿ.

ಶಾಲೆಯ ಗ್ರಂಥಪಾಲಕರು ಮತ್ತು ತರಗತಿಯ ಶಿಕ್ಷಕರು ಸೇರಿ ಮಕ್ಕಳಿಗೆ ಮಾಹಿತಿ ಸಾಕ್ಷರತೆ ಕಲಿಸುವ ಬಗ್ಗೆ ಮಾತಾಡ್ತೀನಿ ಅಂದಾಗ ಗೆಳೆಯರು “ಇದು ಲೈಬ್ರರಿ ಸೈನ್ಸ್‌ನವರ ವಿಷಯ ಅಲ್ವಾ, ಕನ್ನಡ ಎಂ.ಎ.ಗೆ ಇದರಲ್ಲೇನು ಕೆಲಸ?” ಅಂದರು. ಕೆಲಸ ಇದೆ. ನಾವು ‘ಆಕರ ವಿಮರ್ಶೆ’ ಅಂತ ಸ್ನಾತಕೋತ್ತರ ತರಗತಿಗೆ ಬಂದ ಮೇಲೆ ಓದುವುದನ್ನೇ ಅವರು ಆರನೇ ತರಗತಿಯಿಂದ ಕಲಿಸಬೇಕು ಅನ್ನುತ್ತಾರೆ. ಆದರೆ ಅವರ ಪರಿಕಲ್ಪನೆಯನ್ನು ಇದ್ದ ಹಾಗೇ ನಮ್ಮ ಸೀಮೆಗೆ ತಂದರೆ ಅದು ನಿಲ್ಲುವುದಿಲ್ಲ. ಈ ಎರಡೂ ಮಾತಿಗೆ ಆಧಾರವಾಗಿ ನನ್ನ ತಂಗಿಯ ಪ್ರಾಜೆಕ್ಟ್ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ.

ನಮ್ಮದು ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು. ಮನೆಮಾತು ಕನ್ನಡ, ಬಸ್ಸಿನ ಬೋರ್ಡು ತೆಲುಗು. ತಂಗಿ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಎಫ್.ಎ. ಅಂಕಗಳಲ್ಲಿ ಪ್ರಾಜೆಕ್ಟಿಗೂ ಪಾಲಿದೆ. ಅವಳಿಗೆ ಬಂದ ವಿಷಯ ‘ನಮ್ಮ ಸುತ್ತಲಿನ ಒಂದು ಪ್ರಸಿದ್ಧ ಸ್ಥಳ’. ಮಂತ್ರಾಲಯ ಅಂತ ಬರೆದಿದ್ದಳು. ರಾಯರ ಚಿತ್ರ, ತುಂಗಭದ್ರೆಯ ಚಿತ್ರ, ಆಮೇಲೆ ಥಾಮಸ್ ಮನ್ರೋ ಕಥೆ. ಮಠದ ಜಮೀನನ್ನು ಸರ್ಕಾರ ವಾಪಸ್ ತೆಗೆದುಕೊಳ್ಳುವ ಪ್ರಶ್ನೆ ಬಂದಾಗ ಕಲೆಕ್ಟರ್ ಮನ್ರೋ ಮಂತ್ರಾಲಯಕ್ಕೆ ಬಂದನೆಂದೂ, ಬೃಂದಾವನದೊಳಗಿನ ರಾಯರು ಅವನೊಬ್ಬನಿಗೇ ಕಾಣಿಸಿ ಮಾತಾಡಿದರೆಂದೂ, ಜಮೀನು ಮಠಕ್ಕೇ ಉಳಿಯಿತೆಂದೂ ಆ ಕಥೆ. ನಮ್ಮ ಕಡೆ ಇದು ಗೊತ್ತಿಲ್ಲದ ಮನೆ ಇಲ್ಲ. ಕಥೆಯ ಕೆಳಗೆ ‘ಆಧಾರ: ಮದರಾಸು ಗೆಜೆಟಿಯರ್’ ಎಂದು ಬರೆದು ಅಧ್ಯಾಯ, ಪುಟ ಸಂಖ್ಯೆಯನ್ನೂ ಹಾಕಿದ್ದಳು.

“ಈ ಪುಸ್ತಕ ನೋಡಿದ್ಯಾ?” ಅಂದೆ.

“ಇಲ್ಲಕ್ಕ. ಯೂಟ್ಯೂಬ್‌ನಾಗ ಹೇಳಿದ್ರು. ಪುಟ ನಂಬರ್ ಐತಲ್ಲಕ್ಕ.”

ಈ ಉತ್ತರಕ್ಕೆ ನಾನು ನಕ್ಕೆ. ಆಮೇಲೆ ನನ್ನ ಸೆಮಿನಾರ್ ಪೇಪರುಗಳ ಅಡಿಟಿಪ್ಪಣಿಗಳು ನೆನಪಾದವು, ನಗು ನಿಂತಿತು.

ಪವಾಡ ನಿಜವೋ ಸುಳ್ಳೋ ಎಂಬುದು ನನ್ನ ಪ್ರಶ್ನೆಯಲ್ಲ. ಪುಟ ಸಂಖ್ಯೆ ಒಂದು ಕಥೆಗೆ ಏನು ಮಾಡುತ್ತದೆ ಎಂಬುದು ಪ್ರಶ್ನೆ. ಕಾಲವನ್ನು ಸಾಲಾಗಿ ಇಟ್ಟು ನೋಡೋಣ. ರಾಯರು ಬೃಂದಾವನಸ್ಥರಾದದ್ದು 1671ರಲ್ಲಿ. ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಮನ್ರೋ ಇಲ್ಲಿ ಕಲೆಕ್ಟರ್ ಆಗಿದ್ದು 1800ರಿಂದ 1807ರವರೆಗೆ. ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಜಿಲ್ಲಾ ಗೆಜೆಟಿಯರ್ ಅಚ್ಚಾದದ್ದು 1904ರಲ್ಲಿ. ಮನ್ರೋ ಇಲ್ಲಿಂದ ಹೋಗಿ ಹತ್ತಿರ ಹತ್ತಿರ ನೂರು ವರ್ಷದ ಮೇಲೆ. ಗೆಜೆಟಿಯರ್ ಅಂದರೆ ಘಟನೆಗೆ ಸಾಕ್ಷಿ ಹೇಳುವ ದಾಖಲೆಯಲ್ಲ. ಮಳೆ, ಬೆಳೆ, ಕಂದಾಯ, ಜಾತ್ರೆ, ಊರವರು ಹೇಳುವ ಕಥೆ ಎಲ್ಲವನ್ನೂ ಒಬ್ಬ ಅಧಿಕಾರಿ ಒಂದೆಡೆ ಜೋಡಿಸಿದ ಪುಸ್ತಕ. ಅದರಲ್ಲಿ ಒಂದು ಸಂಗತಿ ಇದೆ ಅಂದರೆ 1904ರ ಹೊತ್ತಿಗೆ ಅದನ್ನು ಬರೆಯಲು ಒಬ್ಬರು ಯೋಗ್ಯವೆಂದು ಭಾವಿಸಿದ್ದರು ಎಂದಷ್ಟೇ ಅರ್ಥ. ಮನ್ರೋ ಪತ್ರಗಳು ಬೇರೆ ಇವೆ, 1830ರಲ್ಲಿ ಗ್ಲೇಗ್ ಬರೆದ ಮೂರು ಸಂಪುಟದ ಜೀವನಚರಿತ್ರೆ ಇದೆ, 1872ರ ಕೆಲ್ಸಾಲ್‌ನ ಬಳ್ಳಾರಿ ಜಿಲ್ಲಾ ಮ್ಯಾನ್ಯುಯಲ್ ಇದೆ. ಒಂದೇ ಊರಿನ ನಮೂದನ್ನು ಈ ಪುಸ್ತಕಗಳಲ್ಲಿ ಪಕ್ಕಪಕ್ಕ ಇಟ್ಟು ಯಾವುದರಲ್ಲಿ ಏನಿದೆ, ಏನಿಲ್ಲ ನೋಡುವುದು ನಮಗೆ ಹೊಸದಲ್ಲ. ಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವಾಗ ಇದನ್ನೇ ಮಾಡುತ್ತೇವೆ.

ಈಗ ನನ್ನ ತಂಗಿ ಆ ಪುಟವನ್ನು ಹುಡುಕಲು ಹೊರಟಳು ಅಂತಿಟ್ಟುಕೊಳ್ಳಿ. ‘ಕರ್ನೂಲು’ ಅಂತ ಹುಡುಕುತ್ತಾಳೆ, ಯಾಕಂದರೆ ನಮ್ಮ ಜಿಲ್ಲೆ ಅದೇ. ಸಿಗುವುದಿಲ್ಲ. ಆದೋನಿ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಆದ ದಿನ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ನಮ್ಮೂರು ‘ಬಳ್ಳಾರಿ’ ಹೆಸರಿನಡಿ ಇದೆ, ಬಳ್ಳಾರಿಯೋ ಇವತ್ತು ಬೇರೆ ರಾಜ್ಯದ ಕಪಾಟಿನಲ್ಲಿದೆ. ಊರ ಹೆಸರುಗಳದ್ದು ಇನ್ನೊಂದು ಗೋಳು. ಕನ್ನಡದಲ್ಲಿ ಆದವಾನಿ, ತೆಲುಗಿನಲ್ಲಿ ಆದೋನಿ, ಹಳೆಯ ಇಂಗ್ಲಿಷ್ ಬರಹಗಳಲ್ಲಿ ಅದ್ವಾನಿ. (ಈ ಕೊನೆಯದನ್ನು ಇಂಗ್ಲಿಷಿನಲ್ಲಿ ಗೂಗಲ್‌ಗೆ ಕೊಟ್ಟರೆ ರಥಯಾತ್ರೆಯ ಫೋಟೊ ಬರುತ್ತದೆ.) ಮಂತ್ರಾಲಯ ಹಳೆಯ ದಾಖಲೆಗಳಲ್ಲಿ ಮಂಚಾಲೆ. ಇದನ್ನೆಲ್ಲ ಹದಿನಾಲ್ಕು ವರ್ಷದ ಹುಡುಗಿ ತಾನಾಗಿ ಊಹಿಸಲಾರಳು. ಯಾರಾದರೂ ಹೇಳಬೇಕು.

ನನ್ನ ಆಕ್ಷೇಪ ಇಲ್ಲಿಂದ ಶುರುವಾಗುತ್ತೆ. ‘ಮಾಹಿತಿ ಸಾಕ್ಷರತೆ’ ಎಂಬ ಮಾತಿನ ಮೂಲವಾದ ಇಂಗ್ಲಿಷ್ ಪದವನ್ನು 1974ರಲ್ಲಿ ಬಳಕೆಗೆ ತಂದವರು ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ. ಅವರು ಮಾಹಿತಿ ಉದ್ಯಮದ ಸಂಘವೊಂದರ ಅಧ್ಯಕ್ಷರು. ಅವರ ಕಣ್ಣ ಮುಂದೆ ಇದ್ದದ್ದು ಉದ್ಯೋಗದಲ್ಲಿರುವ ದೊಡ್ಡವರು. ಶಾಲೆಗೆ ಅದು ಬಂದದ್ದು ಆಮೇಲೆ. ಅಲ್ಲಿನ ಶಾಲಾ ಗ್ರಂಥಪಾಲಕರ ಸಂಘ 1988ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಗ್ರಂಥಪಾಲಕರನ್ನು ಶಿಕ್ಷಕರೂ ಹೌದು ಎಂದು ಕರೆಯಿತು, 1998ರ ಆವೃತ್ತಿಯ ಉಪಶೀರ್ಷಿಕೆಯಲ್ಲೇ ಪಾಲುದಾರಿಕೆ ಎಂಬ ಮಾತು ಬಂತು. ಮರುವರ್ಷ ಇಫ್ಲಾ ಮತ್ತು ಯುನೆಸ್ಕೊ ಪ್ರಣಾಳಿಕೆಯೂ ಅದನ್ನೇ ಹೇಳಿತು. ಇವೆಲ್ಲವುಗಳ ಅಡಿಯಲ್ಲಿ ಒಂದು ನಂಬಿಕೆ ಇದೆ. ಮಾಹಿತಿ ಅಲ್ಲೆಲ್ಲೋ ಸಿದ್ಧವಾಗಿದೆ, ಕೊರತೆ ಇರುವುದು ಮಗುವಿನ ಕೌಶಲದಲ್ಲಿ ಅಂತ. ನಮ್ಮ ಸೀಮೆಯಲ್ಲಿ ಇದು ತಲೆಕೆಳಗು. ತಂಗಿಗೆ ಕನ್ನಡ, ತೆಲುಗು, ಇಂಗ್ಲಿಷ್ ಮೂರು ಲಿಪಿ ಓದಲು ಬರುತ್ತದೆ. ಇಷ್ಟು ಸಲಕರಣೆ ಇರುವ ಮಗು ಎಷ್ಟು ಕಡೆ ಸಿಕ್ಕೀತು? ಅವಳ ಊರಿನ ಮಾಹಿತಿಯೇ ಇನ್ನೊಂದು ಹೆಸರಲ್ಲಿ, ಇನ್ನೊಂದು ಜಿಲ್ಲೆಯಲ್ಲಿ, ಇನ್ನೊಂದು ಭಾಷೆಯಲ್ಲಿ ಕೂತಿದೆ. ಎಲ್ಲಿ ಹುಡುಕಬೇಕು ಎಂದು ತಿಳಿಯುವುದೇ ಇಲ್ಲಿ ಚರಿತ್ರೆಯ ಪಾಠ.

ಅದಕ್ಕೇ ಸಹಕಾರ ಬೇಕು ಅನ್ನುವುದು. ಗ್ರಂಥಪಾಲಕರು ಬಂದು ಒಂದು ಪೀರಿಯಡ್ ‘ಕೀವರ್ಡ್ ಹಾಕುವುದು ಹೇಗೆ’ ಅಂತ ಹೇಳಿ ಹೋದರೆ ಸಹಕಾರ ಆಗುವುದಿಲ್ಲ. ಮಂಚಾಲೆಯ ಕಥೆಯನ್ನೇ ತೆಗೆದುಕೊಳ್ಳಿ. ಸಮಾಜದ ಸಾರ್ ರೈತವಾರಿ ಪದ್ಧತಿ ಹೇಳುವಾಗ ಮನ್ರೋ ಹೆಸರು ಹೇಳುತ್ತಾರೆ. ಅವನು ಮದರಾಸಿನ ಗವರ್ನರ್ ಆಗಿದ್ದಾಗ 1827ರಲ್ಲಿ ಕಾಲರಾದಿಂದ ಸತ್ತದ್ದು ಇಲ್ಲೇ ಪತ್ತಿಕೊಂಡದಲ್ಲಿ ಎಂಬುದನ್ನೂ ಸೇರಿಸಿದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಕನ್ನಡದ ಮೇಡಂ ದಾಸಸಾಹಿತ್ಯದ ಪಾಠದಲ್ಲಿ ಐತಿಹ್ಯ ಅಂದರೇನು, ಅದನ್ನು ಓದುವ ಬಗೆ ಯಾವುದು ಅಂತ ಹೇಳಬಲ್ಲರು. ಈ ಇಬ್ಬರಿಗೂ ಹೇಳಲಾಗದ್ದನ್ನು ಗ್ರಂಥಾಲಯ ನೋಡಿಕೊಳ್ಳುವವರು ಹೇಳಬಲ್ಲರು: ಗೆಜೆಟಿಯರ್ ಯಾವ ಜಾತಿಯ ಪುಸ್ತಕ, ಅದು ಬಳ್ಳಾರಿಯ ಹೆಸರಲ್ಲಿ ಯಾಕಿದೆ. ಮೂವರೂ ಒಂದೇ ವಾರದಲ್ಲಿ ಇದನ್ನು ಹಂಚಿಕೊಂಡು ಮಾಡಬೇಕು. ಇಲ್ಲದಿದ್ದರೆ ಮನ್ರೋ ಸಮಾಜದ ನೋಟ್ಸಿನಲ್ಲಿ, ರಾಯರು ಕನ್ನಡದ ನೋಟ್ಸಿನಲ್ಲಿ ಉಳಿಯುತ್ತಾರೆ, ಇಬ್ಬರೂ ಭೇಟಿಯಾಗುವುದು ಯೂಟ್ಯೂಬಿನಲ್ಲೇ.

“ಆ ಗ್ರಂಥಪಾಲಕರು ಎಲ್ಲಿದ್ದಾರಮ್ಮ?” ಅಂತ ನೀವು ಕೇಳಬಹುದು. ನಾನು ಓದಿದ ಹೈಸ್ಕೂಲಿನಲ್ಲಿ ಇರಲಿಲ್ಲ. ಒಂದು ಬೀರು ಇತ್ತು, ಬೀಗದ ಕೈ ಗಣಿತದ ಸಾರ್ ಹತ್ತಿರ. ಪುಸ್ತಕ ಕಳೆದರೆ ಅವರೇ ಲೆಕ್ಕ ಕೊಡಬೇಕಾದ್ದರಿಂದ ಅವರು ಬೀರು ತೆಗೆಯುತ್ತಿರಲಿಲ್ಲ. ಅದರಲ್ಲಿ ನನಗೆ ಸಿಟ್ಟಿಲ್ಲ. ಹೊರದೇಶಗಳಲ್ಲಿ ‘ಶಿಕ್ಷಕ-ಗ್ರಂಥಪಾಲಕ’ ಅಂದರೆ ಎರಡೂ ತರಬೇತಿ ಪಡೆದವರು. ನನ್ನ ಶಾಲೆಯಲ್ಲಿ ಆ ಮಾತಿನ ಅರ್ಥ ಪೂರ್ತಿ ಪೀರಿಯಡ್ಡುಗಳ ಜೊತೆಗೆ ಬೀಗದ ಕೈಯನ್ನೂ ಹೊತ್ತವರು. ಅಂದಹಾಗೆ ರಂಗನಾಥನ್ ಕೂಡ ಗಣಿತದ ಮೇಷ್ಟ್ರೇ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿದವರು. 1931ರ ಅವರ ಪಂಚಸೂತ್ರಗಳ ಪುಸ್ತಕ, ಹಿಂದಿನ ಕಾಲದಲ್ಲಿ ಪುಸ್ತಕಗಳಿಗೆ ಸರಪಳಿ ಕಟ್ಟುತ್ತಿದ್ದುದರ ಬಗ್ಗೆಯೂ ಹೇಳುತ್ತದೆ. ಅದನ್ನು ಓದುವಾಗ ನನಗೆ ಕಂಡದ್ದು ಆ ಬೀರು.

ಬೀರು ತೆರೆದಾಗ ಒಳಗೆ ಏನಿತ್ತು ಅನ್ನುವುದೂ ಮುಖ್ಯ. ಗಡಿನಾಡಿನ ಶಾಲೆ ಅಂತ ಪ್ರೀತಿಯಿಂದ ಬಂದ ಕನ್ನಡ ಪುಸ್ತಕಗಳಿದ್ದವು. ಹಂಪಿ, ಬೇಲೂರು, ಕಿತ್ತೂರು ಎಲ್ಲ ಇದ್ದವು. ಆದೋನಿಯ ಕೋಟೆ ಇರಲಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿ ‘ನಮ್ಮ ಊರಿನ ಚರಿತ್ರೆ’ಗೆ ಹಂಪಿಯ ಚರಿತ್ರೆಯನ್ನೇ ಸ್ವಲ್ಪ ಬದಲಾಯಿಸಿ ಬರೆದಿದ್ದೆ, ‘ಗುಡ್’ ಸಿಕ್ಕಿತ್ತು. ಗಡಿನಾಡ ಕನ್ನಡದ ಬಗ್ಗೆ ನಮ್ಮ ವಿಮರ್ಶೆ ಆಡುವ ಮಾತೆಲ್ಲ ಭಾಷೆ ಉಳಿಸುವುದರ ಬಗ್ಗೆ. ಉಳಿದ ಭಾಷೆಯಲ್ಲಿ ನಮ್ಮೂರಿನ ಬಗ್ಗೆ ಏನನ್ನು ಓದಬೇಕು ಅನ್ನೋದನ್ನು ಯಾರೂ ಕೇಳುತ್ತಿಲ್ಲ.

ಹಾಗಾದರೆ ಏನು ಮಾಡಬಹುದು? ಹುದ್ದೆ ಮಂಜೂರಾಗುವವರೆಗೆ ಕಾಯಲಾಗದು. ಫ್ರಾನ್ಸಿಸ್‌ನ ಬಳ್ಳಾರಿ ಸಂಪುಟದಿಂದ ಆದೋನಿ, ಆಲೂರು ತಾಲ್ಲೂಕಿನ ಊರುಗಳ ನಮೂದುಗಳನ್ನು ಒಂದೊಂದು ಪುಟದ ಕನ್ನಡ ಕಾರ್ಡಾಗಿ ಮಾಡಬಹುದು. ಮೇಲೆ ಊರಿನ ಮೂರು ನಾಲ್ಕು ಹೆಸರು, ಕೆಳಗೆ ಪುಸ್ತಕ, ವರ್ಷ, ಬರೆದವರು. ಬೀರು ತೆರೆಯದಿದ್ದರೂ ಗೋಡೆಗೆ ಅಂಟಿಸಬಹುದು. ಮಕ್ಕಳು ಹುಡುಕಿ ಗೊಂದಲಕ್ಕೆ ಬೀಳುತ್ತಾರೆ ಎಂದು ಶಿಕ್ಷಕರು ಹೆದರಬೇಕಿಲ್ಲ. ಹೈಸ್ಕೂಲು ವಿದ್ಯಾರ್ಥಿಗಳ ಹುಡುಕಾಟದಿಂದಲೇ ಅಧ್ಯಯನ ಶುರುಮಾಡಿದ ಕ್ಯಾರಲ್ ಕುಲ್ತೌ, ನಡುವಿನ ಆ ಗೊಂದಲ ಹುಡುಕಾಟದ ಒಂದು ಹಂತವೇ ಎಂದು ತೋರಿಸಿದ್ದಾರೆ. ನನ್ನ ಡಿಸರ್ಟೇಶನ್ ಆ ಹಂತದಲ್ಲಿ ಆರು ತಿಂಗಳಿತ್ತು.

ಚರ್ಚೆಯ ಹೊತ್ತಿನಲ್ಲಿ ಮೇಡಂ ಒಬ್ಬರು ಕೇಳಿದರು: “ರಾಯರ ಕಥೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ ಊರಲ್ಲಿ ಬೇಜಾರಾಗಲ್ವಾ? ಮಕ್ಕಳ ನಂಬಿಕೆ ಅಲ್ಲಾಡಲ್ವಾ?” ನನ್ನ ಉತ್ತರ ಇಷ್ಟು. ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ನಮ್ಮಜ್ಜಿ. ಅವರು ಪುಟ ಸಂಖ್ಯೆ ಹೇಳಲಿಲ್ಲ. “ನಮ್ಮವ್ವ ಹೇಳ್ತಿದ್ಲು, ಆಕಿಗೆ ಮಠಕ್ಕ ಹೋಗಿಬಂದೋರು ಹೇಳಿದ್ದು” ಅಂದರು. ಯಾರು ಯಾರಿಗೆ ಹೇಳಿದ್ದು ಅಂತ ಅವರು ಖಚಿತವಾಗಿ ಕೊಟ್ಟಿದ್ದರು, ಅವರ ಭಕ್ತಿಗೆ ಅದರಿಂದ ಏನೂ ಕಡಿಮೆ ಆಗಿರಲಿಲ್ಲ. ತಂಗಿಗೂ ಅದನ್ನೇ ಹೇಳಿದೆ. ಅವಳು ‘ಆಧಾರ’ ಅಂತ ಇದ್ದ ಜಾಗದಲ್ಲಿ ಹಳೆಯದನ್ನು ಹೊಡೆದುಹಾಕಿ “ಅಜ್ಜಿ ಹೇಳಿದ್ದು, ಯೂಟ್ಯೂಬಿನಲ್ಲಿ ಕೇಳಿದ್ದು, ಗೆಜೆಟಿಯರ್ ನೋಡಿಲ್ಲ” ಅಂತ ಬರೆದಳು. ಅವಳ ಸಾರ್ ಕೊನೆಯ ಎರಡು ಪದಗಳ ಕೆಳಗೆ ಕೆಂಪು ಗೆರೆ ಎಳೆದು ಒಂದು ಅಂಕ ಕಳೆದಿದ್ದಾರೆ.