ಕ್ಷೌರಿಕವಿಷಯಕ ಹಾಸ್ಯವೂ ಅದರ ಪರಿವರ್ತನವೂ

ಹಾಸ್ಯವು ಆಶ್ರಯಿಸಿದ ವಸ್ತುಗಳಲ್ಲಿ ಕ್ಷೌರಕರ್ಮವು ಬಹು ಪ್ರಾಚೀನವಾದುದು. ಅರಸನಾಗಲಿ ಆಳಾಗಲಿ ಕತ್ತಿಯ ಅಲಗಿನ ಮುಂದೆ ಕೊರಳೊಡ್ಡಿ, ಮಾತಡಗಿಸಿ, ತಲೆ ಬಾಗಿಸಿ ಕುಳಿತುಕೊಳ್ಳಬೇಕಾದ ಸ್ಥಳವು ಇದೊಂದೇ. ಇಂತಹ ಸ್ಥಿತಿಯಿಂದ ಹುಟ್ಟುವ ಅಂಜಿಕೆಯನ್ನು ಮನುಷ್ಯನು ನಗೆಯಿಂದ ಮರೆಸಿಕೊಳ್ಳುವನು. ಇತ್ತೀಚೆಗೆ ಮೊಬೈಲಿನ ತೆರೆಯ ಮೇಲೆ ಮೂರು ನಾಲ್ಕು ಚೌಕಗಳಲ್ಲಿ ಹರಿದಾಡುವ ಚಿತ್ರಹಾಸ್ಯದಲ್ಲಿಯೂ ಈ ವಸ್ತುವೇ ಮರಳಿ ಮರಳಿ ಬರುತ್ತಿರುವುದು. ಆದರೆ ಹಳೆಯ ನಗೆಗೂ ಹೊಸ ನಗೆಗೂ ದೊಡ್ಡ ಅಂತರವುಂಟು. ಆ ಅಂತರವೇನು, ಅದರ ಕಾರಣವೇನು, ಹೊಸ ನಗೆಯ ಕೊರತೆಯೇನು ಎಂಬುದು ವಿಚಾರಣೀಯವಾಗಿದೆ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆಯಾಗಿ ವಿಭಾಗಿಸಿರುವನು. ತಾನೇ ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ಈ ವಿಭಾಗವನ್ನು ನಗೆಗೆ ಗುರಿಯಾದವರ ಕಡೆಗೂ ವಿಸ್ತರಿಸಿ ನೋಡಿದರೆ, ತನ್ನನ್ನು ಕುರಿತು ನಗುವುದೂ ಪರರನ್ನು ಕುರಿತು ನಗುವುದೂ ಬೇರೆಬೇರೆಯಾಗಿ ತೋರುವುವು. ಕ್ಷೌರಿಕನ ವಿಷಯದಲ್ಲಿ ಪ್ರಾಚೀನರ ಹಾಸ್ಯವು ಬಹುಮಟ್ಟಿಗೆ ಎರಡನೆಯ ಜಾತಿಯದು. ಮನುಷ್ಯರಲ್ಲಿ ಧೂರ್ತನಾರೆಂಬುದಕ್ಕೆ ನಾಪಿತನನ್ನು ಹೆಸರಿಸುವ ಸುಭಾಷಿತವು ಸಂಸ್ಕೃತದಲ್ಲಿ ಪ್ರಸಿದ್ಧವಾಗಿದೆ. ಸಂಸ್ಕೃತ ಪಂಚತಂತ್ರದ ಒಂದು ಕಥೆಯಲ್ಲಿ ನಾಪಿತನು ಕೋಪದಿಂದ ಕತ್ತಿಯನ್ನು ಎಸೆಯುವನು. ಮೊದಲೇ ಮೂಗು ಕಳೆದುಕೊಂಡಿದ್ದ ಅವನ ಹೆಂಡತಿಯು ಗಂಡನೇ ಕೊಯ್ದನೆಂದು ಕೂಗಿಕೊಳ್ಳುವಳು. ಅಧಿಕಾರಿಗಳು ಅದನ್ನೇ ನಂಬಿ ಅವನಿಗೆ ಮರಣದಂಡನೆಯನ್ನು ವಿಧಿಸುವರು. ಕಂಡದ್ದನ್ನು ಹೇಳುವ ಸಂನ್ಯಾಸಿಯೊಬ್ಬನು ಬಾರದಿದ್ದಲ್ಲಿ ನಿರಪರಾಧಿಯು ಸಾಯುತ್ತಿದ್ದನು. ಕೈಯಲ್ಲಿ ಕತ್ತಿಯುಳ್ಳವನ ಮೇಲೆ ಸಂಶಯವು ಎಷ್ಟು ಸುಲಭವಾಗಿ ನಿಲ್ಲುವುದೆಂಬುದಕ್ಕೆ ಈ ಕಥೆಯು ಸಾಕ್ಷಿ.

ಈ ಪರಿಹಾಸವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅರಬರ ಸಾವಿರದ ಒಂದು ರಾತ್ರಿಗಳ ಕಥೆಗಳಲ್ಲಿ ಬಾಗ್ದಾದಿನ ವಾಚಾಳಿ ಕ್ಷೌರಿಕನಿರುವನು. ಹೇಗೆ ಕ್ಷೌರ ಮಾಡಲೆಂದು ಕೇಳಿದವನಿಗೆ ಅರ್ಖೆಲಾವಸ್ ದೊರೆಯು ಮಾತಿಲ್ಲದೆ ಮಾಡೆಂದು ಉತ್ತರವಿತ್ತನೆಂದು ಗ್ರೀಕ್ ಲೇಖಕನಾದ ಪ್ಲುತಾರ್ಕನು ಬರೆದಿರುವನು. ಎಲ್ಲೆಲ್ಲಿಯೂ ನಗುವವನು ಕುಳಿತವನು. ನಗೆಗೀಡಾಗುವವನು ಕತ್ತಿ ಹಿಡಿದವನು.

ಮೂರು ನುಡಿಗಳು ಕೂಡುವ ಗುರುಮಠಕಲ್ಲಿನಂತಹ ಊರಿನಲ್ಲಿ ಈ ವೃತ್ತಿಯ ಹೆಸರುಗಳೇ ಒಂದು ಚರಿತ್ರೆಯನ್ನು ಹೇಳುವುವು. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿ ತೆಲಂಗಾಣದ ಗಡಿಗೆ ಸಮೀಪವಾಗಿರುವ ಈ ಪಟ್ಟಣವು 1948ರ ವರೆಗೆ ನಿಜಾಮನ ರಾಜ್ಯಕ್ಕೆ ಒಳಪಟ್ಟಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಈ ಸೀಮೆಯಲ್ಲಿ ಉರ್ದುವಿನಿಂದ ಬಂದ ಹಜಾಮ ಶಬ್ದಕ್ಕೆ ಅರಬ್ಬಿಯಲ್ಲಿ ಕೆಟ್ಟ ರಕ್ತವನ್ನು ತೆಗೆಯುವ ಚಿಕಿತ್ಸಕನೆಂದು ಅರ್ಥ. ವೈದ್ಯನ ಹೆಸರು ಇಲ್ಲಿ ಬೈಗುಳವಾಯಿತು! ತೆಲುಗಿನ ಮಂಗಲಿ ಶಬ್ದದಲ್ಲಿ ಮಂಗಲವೇ ಕೇಳಿಬರುವುದು; ಆದರೂ ಕೆಲಸವಿಲ್ಲದ ಮಂಗಲಿಯು ಬೆಕ್ಕಿನ ತಲೆ ಬೋಳಿಸಿದನೆಂದು ಗಾದೆ ಹುಟ್ಟಿತು. ಕನ್ನಡದಲ್ಲಿಯೂ ಮೋಸಹೋದವನನ್ನು ಕುರಿತು ನುಣ್ಣಗೆ ಬೋಳಿಸಿಕೊಂಡನೆನ್ನುವರು. ಇವುಗಳ ನಡುವೆ ಹಡಪದ ಎಂಬ ಹೆಸರೊಂದು ಗೌರವದಿಂದ ನಿಂತಿದೆ. ಹಡಪವೆಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನ ಸಲಕರಣೆಯ ಚೀಲವೂ ಹಡಪವೇ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸನ್ನಿಧಿಯಲ್ಲಿದ್ದ ಹಡಪದ ಅಪ್ಪಣ್ಣನವರೂ ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರರಾಗಿ ಆ ಹೆಸರಿಗೆ ಬೆಲೆ ತಂದರು. ಬೌದ್ಧರಲ್ಲಿಯೂ ಶಾಕ್ಯರ ಕ್ಷೌರಿಕನಾಗಿದ್ದ ಉಪಾಲಿಯು ವಿನಯಶಾಸ್ತ್ರದಲ್ಲಿ ಅಗ್ರಗಣ್ಯನಾದನು. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಅಳಿಯ ರಾಮರಾಜನ ಅಧಿಕಾರವು ನಡೆಯುತ್ತಿದ್ದಾಗ, ಕ್ಷೌರಿಕರಿಗೆ ತೆರಿಗೆಗಳನ್ನು ಬಿಟ್ಟುಕೊಟ್ಟ ಶಾಸನಗಳು ಬಾದಾಮಿ ಮೊದಲಾದ ಕಡೆಗಳಲ್ಲಿ ದೊರೆತಿವೆ; ಕೊಂಡೋಜನೆಂಬ ಕ್ಷೌರಿಕನ ಹೆಸರು ಅವುಗಳಿಂದ ಉಳಿದುಬಂದಿದೆ. ಗಾದೆಯು ಮರೆತುದನ್ನು ಕಲ್ಲು ನೆನಪಿಟ್ಟಿತು.

ಇನ್ನು ಹೊಸ ಹಾಸ್ಯದ ವಿಚಾರ. ಚಿತ್ರವನ್ನೂ ಚುಟುಕು ಮಾತನ್ನೂ ಜೋಡಿಸಿ ನಗಿಸುವ ಪದ್ಧತಿಯು ಕನ್ನಡಿಗರಿಗೆ ಅಪರಿಚಿತವಲ್ಲ. 1942ರಲ್ಲಿ ಡಾ. ಎಂ. ಶಿವರಾಂ ಅವರು ಪ್ರಾರಂಭಿಸಿದ ಕೊರವಂಜಿ ಪತ್ರಿಕೆಯು ಅದನ್ನು ಮನೆಮನೆಗೂ ಮುಟ್ಟಿಸಿತು, ಆರ್. ಕೆ. ಲಕ್ಷ್ಮಣರು ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರಗಳನ್ನು ಬರೆದರು. ಅಂತರ್ಜಾಲದ ಚಿತ್ರಹಾಸ್ಯವು ಅದೇ ವಂಶದ ಕುಡಿ. ಇಲ್ಲಿ ಕ್ಷೌರದ ಪ್ರಸಂಗವು ಪ್ರಾಯಶಃ ಒಂದೇ ಕ್ರಮದಲ್ಲಿ ನಡೆಯುವುದು. ಮೊದಲನೆಯ ಚೌಕದಲ್ಲಿ ಹೇಗೆ ಬೇಕೆಂಬ ಪ್ರಶ್ನೆ. ಎರಡನೆಯದರಲ್ಲಿ ಕುಳಿತವನ ತಡವರಿಕೆ. ಮೂರನೆಯದರಲ್ಲಿ ಕನ್ನಡಕ ತೆಗೆದುದರಿಂದ ಏನೂ ಕಾಣದ ಮಬ್ಬು. ಕಡೆಯದರಲ್ಲಿ ಹಿಂದಲೆಯ ಕಡೆ ಹಿಡಿದ ಕನ್ನಡಿ, ಚೆನ್ನಾಗಿದೆಯೆಂಬ ಸುಳ್ಳು, ಮನೆಯ ದಾರಿಯಲ್ಲಿ ತಲೆಗೊಂದು ಟೋಪಿ. ಇಲ್ಲಿ ನಗೆಗೆ ವಿಷಯನಾದವನು ಕ್ಷೌರಿಕನಲ್ಲ, ಬೇಡವೆನ್ನಲಾರದ ಗಂಡಸು. ನಗೆಯು ಪರರಿಂದ ತನ್ನೆಡೆಗೆ ತಿರುಗಿತು. ಇದು ಹಾಸ್ಯದ ಉತ್ಕರ್ಷವೇ ಸರಿ.

ಈ ತಿರುವಿಗೆ ಕಾರಣವು ಕುಳಿತುಕೊಳ್ಳುವ ರೀತಿಯಲ್ಲಿಯೇ ಇದೆ. ಹಿಂದೆ ಹಳ್ಳಿಯ ಕ್ಷೌರಿಕನು ಆಯಗಾರರಲ್ಲೊಬ್ಬನು. ಸುಗ್ಗಿಯಲ್ಲಿ ಕಾಳಿನ ರೂಪದ ಆಯವನ್ನು ಪಡೆದು ಮನೆಯ ಬಾಗಿಲಿಗೆ ಬರುತ್ತಿದ್ದನು. ಜಾವಳ ತೆಗೆದ ಕೈಯೇ ಮೀಸೆಯನ್ನೂ ತಿದ್ದುತ್ತಿದ್ದಿತು. ತಲೆಯ ಸುಳಿಯೆಲ್ಲಿದೆಯೆಂಬುದು ಅವನಿಗೆ ತಿಳಿದಿದ್ದುದರಿಂದ ಹೇಗೆ ಬೇಕೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಇಬ್ಬರೂ ಎದುರುಬದುರಾಗಿ ಕುಕ್ಕುರುಗಾಲಿನಲ್ಲಿ ಕುಳಿತಿರಲು, ಕ್ಷೌರ ಮಾಡಿಸಿಕೊಳ್ಳುವವನ ಕಣ್ಣಿಗೆ ಬೀಳುತ್ತಿದ್ದುದು ಕ್ಷೌರಿಕನ ಮುಖ. ಆದುದರಿಂದ ನಗೆಯೂ ಆ ಮುಖದ ಮೇಲೆಯೇ. ಸಲೂನು ಬಂದ ಮೇಲೆ ಕ್ಷೌರಿಕನು ಬೆನ್ನ ಹಿಂದೆ ಸರಿದನು. ಎದುರಿಗೆ ಗೋಡೆಯಗಲದ ಕನ್ನಡಿಯು ನಿಂತಿತು. ಅರ್ಧ ಘಳಿಗೆ ತನ್ನ ಮುಖವನ್ನೇ ನೋಡುತ್ತ ಕೂರಬೇಕಾದವನು ಇನ್ನಾರನ್ನು ನಕ್ಕಾನು? ಮೇಲಾಗಿ ಅಪರಿಚಿತನ ಮುಂದೆ ತನ್ನ ರೂಪದ ಅಪೇಕ್ಷೆಯನ್ನು ಬಾಯಿಬಿಟ್ಟು ಹೇಳಬೇಕಾಯಿತು. ರೂಪವನ್ನು ಕುರಿತು ಮಾತಾಡುವುದು ಗಂಡಸಿಗೆ ತರವಲ್ಲವೆಂದು ಕಲಿತವನಿಗೆ ಆ ಮಾತು ಬಾರದು. ಆ ಮೌನವೇ ಹೊಸ ಹಾಸ್ಯದ ವಿಭಾವ.

ಆದರೂ ಈ ಚಿತ್ರಗಳಲ್ಲಿ ಒಂದು ದೋಷವಿದೆ. ಕ್ಷೌರಿಕನು ಹಲವು ವೇಳೆ ಕತ್ತರಿ ಹಿಡಿದ ಕೈಯಾಗಿ ಮಾತ್ರ ಕಾಣುವನು. ಮುಖವು ಚೌಕದ ಅಂಚಿನಲ್ಲಿ ಕಡಿದುಹೋಗಿರುವುದು. ಪರಿಹಾಸವು ಹೋಯಿತು, ಅದರೊಡನೆ ಮನುಷ್ಯನೂ ಹೋದನು. 2020ರಲ್ಲಿ ಕೊರೋನಾ ನಿಮಿತ್ತ ಅಂಗಡಿಗಳು ಮುಚ್ಚಿದಾಗ, ಮನೆಯಲ್ಲಿಯೇ ಕತ್ತರಿಸಿಕೊಂಡು ಕೆಟ್ಟ ತಲೆಗಳ ಚಿತ್ರಗಳು ಲೋಕವನ್ನು ನಗಿಸಿದುವು. ಆ ನಗೆಯಲ್ಲಿ ಕ್ಷೌರಿಕನ ಕೌಶಲಕ್ಕೆ ಮೌನವಾದ ಒಪ್ಪಿಗೆಯಿತ್ತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಪರಿಹಾರವನ್ನು ಘೋಷಿಸಬೇಕಾಗಿ ಬಂದ ಸಂಕಟಕ್ಕೆ ಆ ಚೌಕಗಳಲ್ಲಿ ಎಷ್ಟು ಸ್ಥಳ ದೊರೆಯಿತು?

ಚೌಕದ ಹೊರಗೆ ಉಳಿದವನು ಮತ್ತೊಬ್ಬನೂ ಇರುವನು, ಕುರ್ಚಿಯೇ ದೊರೆಯದವನು. ಅಸ್ಪೃಶ್ಯತೆಯ ಆಚರಣೆಯನ್ನು ದಂಡನೀಯವೆಂದು 1955ರ ಕಾಯಿದೆಯು ಸಾರಿದ ಮೇಲೆಯೂ ದಲಿತರಿಗೆ ಕ್ಷೌರವನ್ನು ನಿರಾಕರಿಸುವ ಹಳ್ಳಿಗಳ ಸುದ್ದಿಯು ನಿಂತಿಲ್ಲ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಲ್ಲಿ, ಕ್ಷೌರಕ್ಕೆ ಹೋದ ದಲಿತ ತರುಣನು ಇರಿತದಿಂದ ಪ್ರಾಣ ಕಳೆದುಕೊಂಡನು. ಹೇಗೆ ಬೇಕೆಂಬ ಪ್ರಶ್ನೆಗೆ ತಡವರಿಸುವುದು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಭಾಗ್ಯವುಳ್ಳವನ ಕಷ್ಟ. ಬಾಗಿಲಲ್ಲಿಯೇ ನಿಂತವನಿಗೆ ಆ ಹಾಸ್ಯವು ಹೇಗೆ ರುಚಿಸೀತು?

ಹಾಸ್ಯದ ಮೇಲೆ ಇಷ್ಟು ಭಾರವನ್ನು ಹೊರಿಸುವುದು ನ್ಯಾಯವೇ ಎಂದು ಕೆಲವರು ಆಕ್ಷೇಪಿಸಬಹುದು. ಚಿತ್ರಕಾರನು ಧರ್ಮೋಪದೇಶ ಮಾಡಬೇಕೆಂಬುದು ಇಲ್ಲಿಯ ತಾತ್ಪರ್ಯವಲ್ಲ. ಔಚಿತ್ಯವೇ ರಸದ ಜೀವವೆಂದು ಕ್ಷೇಮೇಂದ್ರನು ಪ್ರತಿಪಾದಿಸಿರುವನು. ಇಬ್ಬರು ಕೂಡಿ ನಡೆಸುವ ಕರ್ಮದಲ್ಲಿ ಒಬ್ಬನನ್ನು ಮಾತ್ರ ಚಿತ್ರಿಸುವುದು ಔಚಿತ್ಯಕ್ಕೆ ಕೊರತೆಯಲ್ಲವೇ? ದಿನಕ್ಕೆ ಹತ್ತಾರು ಸಲ ಅದೇ ಸುಳ್ಳನ್ನು ಕೇಳುತ್ತ, ಗಿರಾಕಿಯ ಮುಖದಲ್ಲಿ ಅದರ ಗುರುತು ಹಿಡಿಯುತ್ತ ನಿಂತಿರುವವನ ಕಣ್ಣಿನಿಂದ ಒಂದು ಚೌಕವನ್ನು ಬರೆದರೆ ಹಾಸ್ಯವು ಕುಂದುವುದಿಲ್ಲ, ಇಮ್ಮಡಿಸುವುದು.

ಆಶ್ವಲಾಯನ ಗೃಹ್ಯಸೂತ್ರದ ಚೌಲಪ್ರಕರಣದಲ್ಲಿ ತಂದೆಯು ಕತ್ತಿಯನ್ನು ಕುರಿತು ಮಗುವನ್ನು ಹಿಂಸಿಸಬೇಡವೆಂದು ಬೇಡಿಕೊಂಡು, ಹದವಾದ ನೀರಿನಿಂದ, ನೋಯಿಸದಂತೆ ಕೇಶವನ್ನು ಸರಿಪಡಿಸೆಂದು ನಾಪಿತನಿಗೆ ಹೇಳುವನು. ಆ ಕರ್ಮವು ಆರಂಭವಾಗುವುದು ಒಬ್ಬರ ಕೈಯಲ್ಲಿ ಇನ್ನೊಬ್ಬರು ಇಡುವ ನಂಬಿಕೆಯಿಂದ. ಹಳೆಯ ಹಾಸ್ಯವು ಆ ನಂಬಿಕೆಯನ್ನು ಹಳಿಯಿತು. ಹೊಸ ಹಾಸ್ಯವು ಹಳಿಯುವುದನ್ನು ಬಿಟ್ಟಿತಾದರೂ ನಂಬಿಕೆಗೆ ಪಾತ್ರನಾದವನನ್ನು ಇನ್ನೂ ನೋಡಿಲ್ಲ. ಹಿಂದಲೆಯನ್ನು ತೋರಿಸುವ ಆ ಕೈಗನ್ನಡಿಯನ್ನು ಚಿತ್ರಕಾರರು ತುಸು ಓರೆಮಾಡಿ ಹಿಡಿಯಲಿ. ಅದರಲ್ಲಿ ಕತ್ತರಿ ಹಿಡಿದವನ ಮುಖವೂ ಬಾಗಿಲಲ್ಲಿ ನಿಂತವನ ಮುಖವೂ ಕಾಣುವುವು.